ನಮ್ಮ ಡಿಟೆಕ್ಟರಿಗೆ ಕಂಡಿದ್ದು

ವಿಜ್ಞಾನ ಅಂದ್ರೆ ಗಂಭೀರವಾಗಿರಬೇಕು ಅಂತ ನಾವು ಎಷ್ಟೇ ಹಠ ಹಿಡಿದರೂ, ನಮ್ಮ ಲ್ಯಾಬಿನಲ್ಲಿ ಏನಾದರೊಂದು ಆಗೇ ಆಗುತ್ತೆ.

ದಿನಾ ಗುಬ್ಬಿಯಿಂದ ಬಸ್ಸಲ್ಲಿ ತುಮಕೂರಿಗೆ ಬಂದು, ಬಾಹ್ಯಾಕಾಶ ದೂರದರ್ಶಕಕ್ಕೆ ಹಾಕೋ ಡಿಟೆಕ್ಟರ್ ಎಷ್ಟು ಸೂಕ್ಷ್ಮ ಅಂತ ಪರೀಕ್ಷೆ ಮಾಡೋಳು ನಾನು. ನಕ್ಷತ್ರ ಹುಟ್ಟೋ ಮೋಡಗಳಿಂದ ಬರೋ, ಕಣ್ಣಿಗೆ ಕಾಣದ ಮಂದ ಶಾಖವನ್ನ ಅದು ಹಿಡೀಬೇಕು. ಅದಿರೋದು ವಿಪರೀತ ತಣ್ಣಗಿನ ಡಬ್ಬದೊಳಗೆ. ಮುಂದೊಂದು ಪುಟ್ಟ ಕಿಟಕಿ. ಕಿಟಕಿ ಎದುರು ಬೆಚ್ಚಗಿರೋದು ಏನೇ ಬಂದರೂ ಕಂಪ್ಯೂಟರಿನಲ್ಲಿ ಗೆರೆ ಏರುತ್ತೆ. ನಮ್ಮದು ಪಾಸಾಗದಿದ್ದರೆ ಬೇರೆಯವರದು ಆಕಾಶಕ್ಕೆ ಹೋಗುತ್ತೆ, ವರ್ಷಗಟ್ಟಲೆ ಮಾಡಿದ ಕೆಲಸ ಮೂಲೆ ಸೇರುತ್ತೆ.

ಜ್ವರ

ಊರ್ಡಿಗೆರೆ ಕಡೆಯ ನಮ್ಮ ಅಟೆಂಡರಣ್ಣನಿಗೆ ಇದನ್ನೆಲ್ಲ ವಿವರಿಸಿದ್ದೇ ತಪ್ಪಾಯ್ತು. ಮಾರನೇ ದಿನ ಕಿಟಕಿ ಎದುರು ನಿಂತು, ಲ್ಯಾಬ್ ನಡೆಸೋ ನಮ್ಮ ಸರ್‌ನ ಕರೆದ.

"ನೋಡಿ ಸಾರ್, ಗೆರೆ ಎಂಗೆ ಏರೈತೆ! ಜ್ವರ. ರಜ ಕೊಡಿ."

"ಯಾರು ನಿಂತ್ರೂ ಏರುತ್ತೆ ಕಣಯ್ಯಾ," ಅಂತ ಸರ್ ತಾವೇ ಹೋಗಿ ನಿಂತರು. ಗೆರೆ ಅಷ್ಟೇ ಏರಿತು. ಆ ಡಬ್ಬಕ್ಕೆ ಸಾಹೇಬರೂ ಒಂದೇ, ಅಟೆಂಡರೂ ಒಂದೇ. ನನಗದು ಬಹಳ ಹಿಡಿಸಿತು.

ಅಣ್ಣ ಮಾತ್ರ ಮರುಗಿದ. "ಅಯ್ಯೋ, ನಿಮಗೂ ಬಂದ್ಬುಟ್ಟೈತಲ್ಲ ಸಾರ್!"

ಆರತಿ

ಆಯುಧಪೂಜೆ ದಿನ ಅಣ್ಣ ಡಬ್ಬಕ್ಕೆ ಸೇವಂತಿಗೆ ಹಾರ ಹಾಕಿ, ಹಣೆ ಇದೇ ಇರಬೇಕು ಅಂತ ಕಿಟಕಿಯ ನಡುಮಧ್ಯಕ್ಕೆ ಕುಂಕುಮ ಇಟ್ಟು, ಕರ್ಪೂರದಾರತಿ ಎತ್ತಿದ. ಗೆರೆ ನೇರ ಪರದೆಯ ತುದಿಗೆ ಹೋಗಿ ಅಲ್ಲೇ ಅಂಟಿಕೊಂಡಿತು. ಸರ್ ಮುಖ ಬಿಳಿಚಿಕೊಂಡಿತು. ಡಿಟೆಕ್ಟರ್ ಹಾಳಾಯ್ತು ಅಂತ ನನಗೆ ಅಳುವೇ ಬಂತು. ಮಧ್ಯಾಹ್ನದ ಹೊತ್ತಿಗೆ ಗೆರೆ ನಿಧಾನಕ್ಕೆ ಇಳಿದಾಗ ಹೋದ ಜೀವ ಬಂತು.

"ಆರತಿ ತಗೊಂಡೈತೆ, ಬುಡಿ," ಅಂದ ಅಣ್ಣ.

ಸರ್ ಬೈಯಲಿಲ್ಲ. ಕುಂಕುಮ ಒರೆಸುತ್ತಾ, "ಮುಂದಿನ ವರ್ಷಾನೂ ಪೂಜೆ ಮಾಡು. ಬೆನ್ನಿಗೆ ಮಾಡು," ಅಂದರು.

ಇಡ್ಲಿ

ಕೊನೆಗೆ ಯಾರ ಡಿಟೆಕ್ಟರ್ ಹೋಗಬೇಕು ಅಂತ ತೀರ್ಮಾನಿಸೋ ಹಿರಿಯ ವಿಜ್ಞಾನಿಯೊಬ್ಬರು ಬೆಂಗಳೂರಿಂದ ಬಂದರು. ಗೆರೆ ಒಂಚೂರೂ ಅಲ್ಲಾಡದೆ ಮಲಗಿತ್ತು. ಕಿಟಕಿ ಎದುರು ಏನೂ ಇಲ್ಲದಾಗ ಅದು ಹಾಗೇ ಇರಬೇಕು ಅಂತ ನಾನು ಒಳಗೊಳಗೇ ಬೀಗ್ತಿದ್ದೆ. ಅವರು ಪರದೆಗೆ ಬಗ್ಗಿ ನೋಡಿ, "ಇದು ಶಾಂತವಾಗಿದೆಯೋ, ಸತ್ತೇ ಹೋಗಿದೆಯೋ?" ಅಂದರು.

ನಾನು ಬಾಯಿ ತೆರೆಯೋಷ್ಟರಲ್ಲಿ ಬಾಗಿಲಲ್ಲಿ ನಮ್ಮಮ್ಮ! ದೂರದಿಂದ ಬಂದವರು ಹಸ್ಕೊಂಡಿರ್ತಾರೆ ಅಂತ ಗುಬ್ಬಿಯಿಂದ ಹಾಟ್‌ಬಾಕ್ಸಲ್ಲಿ ತಟ್ಟೆ ಇಡ್ಲಿ ಹೊತ್ತು ತಂದಿದ್ದಳು. "ಮೊದ್ಲು ಬಿಸಿಬಿಸಿ ತಿನ್ನಿ ಸಾರ್, ಆಮೇಲೆ ನೋಡೀರಂತೆ," ಅಂತ ತಟ್ಟೆ ಚಾಚಿದ್ದು ಸರಿಯಾಗಿ ಕಿಟಕಿ ಎದುರಿಗೆ.

ಗೆರೆ ಚಂಗನೆ ಎದ್ದಿತು.

"ಅಮ್ಮಾ, ಹಂಗೇ ಹಿಡ್ಕೊಂಡಿರಿ!" ಅಂದ ಹಿರಿಯರ ಕಣ್ಣು ಪರದೆಯ ಮೇಲೇ. ಗೆರೆ ಕೂದಲೆಳೆಯಷ್ಟು, ಇನ್ನೊಂದು ಕೂದಲೆಳೆಯಷ್ಟು ಇಳೀತಾ ಬಂತು.

"ಆರೋಗುತ್ತೆ ಸಾರ್!" ಅಮ್ಮ ಚಡಪಡಿಸಿದಳು.

"ಹೌದಮ್ಮಾ, ಆರ್ತಾ ಇದೆ," ಅಂದರು ಅವರು, ತಟ್ಟೆ ಕಡೆ ತಿರುಗಿಯೂ ನೋಡದೆ. ಅವರ ಮುಖದಲ್ಲಿ ಅಂಥಾ ಸಂತೋಷ ಆಮೇಲೆ ಅವರು ಇಡ್ಲಿ ತಿನ್ನುವಾಗಲೂ ನನಗೆ ಕಾಣಲಿಲ್ಲ.

ನಮ್ಮದೇ ಆಯ್ಕೆಯಾಯ್ತು. ಸುದ್ದಿ ಬಂದ ದಿನ ಬಿಕ್ಕಿಬಿಕ್ಕಿ ಅಳ್ತಾ ಅಮ್ಮನಿಗೆ ಫೋನ್ ಮಾಡಿದೆ.

"ಸಂತೋಷ ಕಣೇ," ಅಂದಳು. "ಇಡ್ಲಿ ಆರೋಗಿತ್ತು ಅಂತ ಅವ್ರು ಎಲ್ಲೂ ಬರೆದಿಲ್ಲ ತಾನೇ?"