ಕಂಡಿಕೆಯೊಳಗಿನ ಹೊಗೆ

ವಿಮಾನ ನಿಲ್ದಾಣದ ತಪಾಸಣಾ ಯಂತ್ರಕ್ಕೆ ಜನ ಸುಮ್ಮನೆ ಹೆದರುತ್ತಾರೆ. ಅದು ಪಾಪದ್ದು. ನಯವಾಗಿ ಒಂದು ಸುಳ್ಳು ಹೇಳಿದರೆ ದಾರಿ ಬಿಟ್ಟುಬಿಡುತ್ತದೆ. ಹೆದರಬೇಕಾದದ್ದು ಮಾವಂದಿರಿಗೆ.

ನಾನು ನಾಗಾರ್ಜುನ, ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲೊಂದರ ಗುಮಾಸ್ತ. ಹುಟ್ಟಿದ್ದು ಮೊಳಕಾಲ್ಮೂರಿನ ನೇಕಾರರ ಮನೆಯಲ್ಲೇ ಆದರೂ ಮಗ್ಗಕ್ಕೂ ನನಗೂ ಎಣ್ಣೆ-ಸೀಗೆಕಾಯಿ ಸಂಬಂಧ. (ಎಣ್ಣೆ ಯಾರೆಂದು ಬಿಡಿಸಿ ಹೇಳಬೇಕಿಲ್ಲ.) ಸೋದರಮಾವ ಮಾರಣ್ಣ ತನ್ನ ಮಗಳು ಚೌಡೇಶ್ವರಿಯನ್ನು ನನಗೆ ಕೊಡುವ ಮುಂಚೆ ನನ್ನ ಕೈ ಹಿಡಿದು ಮಗ್ಗದ ಮೇಲಿಟ್ಟ.

"ರೇಷ್ಮೆಗೆ ಮೂಗು ಐತೆ ಕಣಪ್ಪ. ಹೊಗೆ ಹತ್ರ ಬಂದ್ರೆ ಹಿಡ್ಕೊಂಡು ಬಿಡ್ತೈತೆ. ಆಮೇಲೆ ಮದುಮಗಳು ಸೀರೆ ಉಟ್ರೆ ಬೀಡಿ ಅಂಗಡಿ ಹಂಗೆ ನಾರ್ತಾಳೆ. ಬೀಡಿ ಸಿಗರೇಟು ಮುಟ್ಟಲ್ಲ ಅಂತ ಆಣೆ ಹಾಕು."

ಹಾಕಿದೆ. ಬಾಗಿಲ ಹಿಂದಿನಿಂದ ವಧು ಒಂದು ತಿದ್ದುಪಡಿ ಮಂಡಿಸಿದಳು: "ಮಾತು ತಪ್ಪಿದ್ರೆ ಬಾವ ಭಾನುವಾರ ಕ್ರಿಕೆಟ್ ಬಿಟ್ಟು ಇಲ್ಲಿ ಬಂದು ಕಂಡಿಕೆ ಸುತ್ತಬೇಕು." ತಿದ್ದುಪಡಿ ಅವಿರೋಧವಾಗಿ ಅಂಗೀಕಾರವಾಯಿತು. ಕಂಡಿಕೆ ಎಂದರೆ ಲಾಳಿಯ ಹೊಟ್ಟೆಯಲ್ಲಿ ಕೂರುವ, ಹೊಕ್ಕಿನ ನೂಲು ಸುತ್ತಿದ ಪುಟ್ಟ ಕಡ್ಡಿ. ಅದನ್ನು ಸುತ್ತುವುದರಿಂದ ಪಾರಾಗಲೆಂದೇ ನಾನು ಬಿ.ಕಾಂ. ಓದಿದ್ದು.

ಆಣೆ ಚೆನ್ನಾಗಿಯೇ ನಡೆದಿತ್ತು. ಆದರೆ ಮಿಲ್ಲಿನ ಮುತ್ತುರಾಜ ಒಂದು ದಿನ ಕಪ್ಪು ಪೆನ್ನಿನಂಥದ್ದೊಂದನ್ನು ಗುಟ್ಟಾಗಿ ಕೈಗಿಟ್ಟ. ವಿದ್ಯುತ್ ಸಿಗರೇಟು! ಕಡ್ಡಿ ಗೀರಬೇಕಿಲ್ಲ, ಬೂದಿ ಇಲ್ಲ, ಎಳೆದರೆ ಮಾವಿನಹಣ್ಣಿನ ಘಮ.

"ಆಣೆ ಐತಲ್ಲೋ," ಎಂದೆ.

"ನೀನು ಆಣೆ ಹಾಕಿರೋದು ಬೀಡಿ ಸಿಗರೇಟಿಗೆ ಕಣಲೇ. ಇದು ಕರೆಂಟು. ಕರೆಂಟಿಗೆ ಆಣೆ ಹಾಕಿದೀಯಾ?"

ಹಾಕಿರಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಸಂಶಯದ ಯುಗ ಶುರುವಾಯಿತು.

"ಬಾವಾ, ಅಂಗಿ ಮಾವಿನಹಣ್ಣು ವಾಸನೆ ಹೊಡೀತೈತಲ್ಲ?"

"ಮಿಲ್ಲಲ್ಲಿ ಯಾರೋ ಹಣ್ಣು ತಂದಿದ್ರು ಕಣೆ."

"ಕಾರ್ತೀಕದಾಗೆ?"

ಅಷ್ಟರಲ್ಲಿ ಮಾವನಿಗೆ ದೆಹಲಿಯ ಕೈಮಗ್ಗ ಮೇಳಕ್ಕೆ ಕರೆ ಬಂತು. ಹೋಗಿಬರುವುದು ವಿಮಾನದಲ್ಲಿ! ಜೊತೆಗೊಬ್ಬ ಹಿಂದಿ ಬಲ್ಲವನು ಬೇಕೆಂದು ಮಾವ ನನ್ನನ್ನು ಆರಿಸಿದ. ನನಗೊಂದೇ ಚಿಂತೆ, ಆ ಕಪ್ಪು ಪೆನ್ನಿನದು. ಮುತ್ತುರಾಜನನ್ನು ಕೇಳಿದೆ.

"ದೊಡ್ಡ ಬ್ಯಾಗಿಗೆ ಹಾಕ್ಬೇಡ, ಬ್ಯಾಟ್ರಿ ಐತೆ. ಕೈ ಬ್ಯಾಗಿಗೂ ಹಾಕ್ಬೇಡ, ಇದು ನಮ್ಮ ದೇಶದಾಗೇ ನಿಷೇಧ."

"ಮತ್ತೆಲ್ಲಿ ಇಡ್ಲೋ?"

"ಮನೇಲಿಡು."

ಅವನ ಜೀವಮಾನದಲ್ಲಿ ಅವನಾಡಿದ ಏಕೈಕ ವಿವೇಕದ ಮಾತು ಅದು. ನಾನು ಕೇಳಲಿಲ್ಲ.

ಮಾವ ರೇಷ್ಮೆಯನ್ನು ಕೈಯಿಂದ ಬಿಡುವವನಲ್ಲ. ಮೇಳದಲ್ಲಿ ನೇಯ್ದು ತೋರಿಸಲು ಬೇಕಾದ ಕಂಡಿಕೆಗಳನ್ನು ಸಾಲಾಗಿ ಜೋಡಿಸಿದ ತಗಡಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡೇ ಹೊರಡುವುದೆಂದು ತೀರ್ಮಾನವಾಗಿತ್ತು. ಅದನ್ನು ನೋಡುತ್ತಲೇ ನನ್ನ ತಲೆಯಲ್ಲಿ ಮಹಾಜ್ಞಾನೋದಯವಾಯಿತು. ಹೊರಡುವ ಮುನ್ನ ಹಿತ್ತಲಲ್ಲಿ ಕೂತು ನನ್ನ ವಿದ್ಯುತ್ ಸಿಗರೇಟಿನ ಮೇಲೆ ಕೆಂಪು ರೇಷ್ಮೆ ಸುತ್ತಿ, ಡಬ್ಬಿಯ ನಡುವೆ ಮಲಗಿಸಿಬಿಟ್ಟೆ. ಕಂಡಿಕೆಗಳ ಗುಂಪಿನಲ್ಲಿ ಅದೂ ಒಂದು ಕಂಡಿಕೆ. (ಗುಮ್ಮಟದಂತೆ ನಡು ಉಬ್ಬಿ, ತುದಿ ಬೋಳಾಗಿತ್ತು, ನಿಜ. ಆದರೆ ಯಾರು ನೋಡುತ್ತಾರೆ?)

ಬೆಂಗಳೂರಿನ ನಿಲ್ದಾಣದಲ್ಲಿ ಡಬ್ಬಿ ಯಂತ್ರದೊಳಗೆ ಹೋಗಿ, ಅಲ್ಲೇ ನಿಂತಿತು. ಅಧಿಕಾರಿಣಿಯೊಬ್ಬಳು ಕನ್ನಡದಲ್ಲೇ ಕೇಳಿದಳು: "ಇದು ಯಾರದು? ನಡುವೆ ಒಂದು ಕಪ್ಪಗೆ ಕಾಣ್ತಿದೆಯಲ್ಲ?"

"ಕಬ್ಬಿಣದ ಕಡ್ಡಿ ಮೇಡಂ," ಎಂದೆ. "ಹೊಸ ಮಾದರಿ."

ಪುಣ್ಯಕ್ಕೆ ಮಾವ ಆಗ ಬಿಚ್ಚಿದ ಬೆಲ್ಟನ್ನು ಮತ್ತೆ ಕಟ್ಟುವ ಗಡಿಬಿಡಿಯಲ್ಲಿದ್ದ. ಅವಳು ಮುಚ್ಚಳ ತೆಗೆದಳು. ಕೆಂಪು, ಹಸಿರು, ಬಾಳೆಹೂವಿನ ಬಣ್ಣ. ಅವಳ ಮುಖವೇ ಅರಳಿತು.

"ಮೊಳಕಾಲ್ಮೂರು ಸೀರೇದಾ? ನನ್ನ ಮದುವೇಲಿ ಉಟ್ಟಿದ್ದೆ!"

ಸಾಕು, ಮಾವ ಓಡಿಬಂದ. ಹುರಿ, ಬಣ್ಣ, ಹೊಕ್ಕು ಎಂದು ಭಾಷಣ ಶುರುವಾಯಿತು. ಹಿಂದೆ ಸರತಿಸಾಲು ಗೊಣಗುತ್ತಿತ್ತು. ಅವಳು ನಕ್ಕು, "ಸರಿ ಅಂಕಲ್, ಹೊರಡಿ," ಎಂದು ಮುಚ್ಚಳಕ್ಕೆ ಕೈಹಾಕಿದಳು. ನಾನು ಮನಸ್ಸಿನಲ್ಲೇ ವಿಮಾನ ಹತ್ತಿ, ಕಿಟಕಿ ಪಕ್ಕ ಕೂತೂ ಆಗಿತ್ತು.

"ತಡೀಯವ್ವ," ಎಂದ ಮಾವ.

ಅವನ ಕಣ್ಣು ನಡುವಿನ ಸಾಲಿನ ಮೇಲಿತ್ತು.

"ಏಮಿರಾ ಇದಿ, ಏನಲೇ ಇದು?" ಸಿಟ್ಟು ಬಂದರೆ ಮಾವನಿಗೆ ತೆಲುಗೇ ಬರುವುದು. "ಈ ದರಿದ್ರ ಕಂಡಿಕೆ ಯಾರು ಸುತ್ತಿದ್ದು? ನನ್ನ ಡಬ್ಬಿಯಾಗೆ!"

"ಮಾವಾ, ವಿಮಾನ ಹೋಗ್ತೈತೆ, ಬಾ."

"ಹೋಗ್ಲಿ! ಇದನ್ನ ದೆಲ್ಲಿ ಜನ ನೋಡಿದ್ರೆ ಮಾರಣ್ಣ ಕುಡಿದು ಸುತ್ತಿದ್ದ ಅಂತಾರೆ. ಬಿಚ್ಚಿ ಸುತ್ತಿದ್ರೆ ಆಯ್ತು, ಎಷ್ಟೊತ್ತು?"

ಕೆಟ್ಟ ಕಂಡಿಕೆ ಕಂಡರೆ ನೇಕಾರ ಬಿಟ್ಟು ಹೋಗಲಾರ. ಮಾವ ಅಲ್ಲೇ, ಜನ ಚಪ್ಪಲಿ ಇಡುವ ತಟ್ಟೆಯ ಮುಂದೆ ನಿಂತು, ಎಳೆ ಹಿಡಿದು ಬಿಚ್ಚತೊಡಗಿದ. ಮಹಾಭಾರತದ ವಸ್ತ್ರಾಪಹರಣದಲ್ಲಿ ಸೀರೆ ಮುಗಿಯಲಿಲ್ಲವಂತೆ. ನನ್ನ ಕಾಲಕ್ಕೆ ಕೃಷ್ಣ ಬರಲಿಲ್ಲ. ಸರಸರನೆ ಮುಗಿದೇ ಹೋಯಿತು.

ಕಪ್ಪು ಪೆನ್ನು ಬೆತ್ತಲಾಗಿ ನಿಂತಿತು. ಮಾವ ಅದನ್ನು ಮೂಸಿದ.

"ಮಾವಿನಹಣ್ಣು," ಎಂದ, ನಿಧಾನವಾಗಿ. ಮಗಳು ಅಪ್ಪನಿಗೆ ಎಲ್ಲ ಹೇಳುತ್ತಾಳೆ ಎನ್ನುವುದು ನನಗೆ ಆಗ ತಿಳಿಯಿತು.

"ಇದು ಇ-ಸಿಗರೇಟು. ಯಾರದು?" ಅಧಿಕಾರಿಣಿಯ ನಗು ಮಾಯವಾಗಿತ್ತು.

"ಮೇಡಂ, ಅದು ದಮ್ಮಿನ ಔಷಧಿ..."

"ಸುಳ್ಳು ಕಣವ್ವ," ಎಂದ ಮಾವ. "ಇವನಿಗೆ ದಮ್ಮೇ ಇಲ್ಲ. ನನ್ನ ಅಳಿಯ. ಇದನ್ನ ಕಿತ್ಕೋ, ಇವನನ್ನ ಮಾತ್ರ ಕಿತ್ಕೋಬೇಡ. ಇವನ ಕೈಲಿ ನನಗೆ ಕೆಲ್ಸ ಐತೆ."

ವಿದ್ಯುತ್ ಸಿಗರೇಟು ಅವರ ಪಾಲಾಯಿತು. ಹೆಸರು-ವಿಳಾಸ ಬರೆಸಿಕೊಂಡು, ಚೆನ್ನಾಗಿ ಬೈದು, ನನ್ನನ್ನು ಮಾವನ ವಶಕ್ಕೆ ಒಪ್ಪಿಸಿದರು. ವಿಮಾನದಲ್ಲಿ ಮಾವ ಮೋಡ ನೋಡುತ್ತಾ ಕೂತ. ಆಮೇಲೆ ಅಂದ: "ಹೊಗೆ ಬಿಡೋದು ಆ ಕಡೆ ಇರಲಿ. ನೇಕಾರರ ಹುಡುಗ ಹಂಗಾ ಸುತ್ತೋದು ಕಂಡಿಕೇನ? ನಿಮ್ಮವ್ವನಿಗೆ ಹೇಳಬೇಡ, ಎದೆ ಒಡ್ಕೊಂತಾಳೆ."

ದೆಹಲಿಯಲ್ಲಿ ನಾನು ಹಿಂದಿ ಮಾತಾಡಲೇ ಇಲ್ಲ. ಮಾವ ನನ್ನನ್ನು ಕಂಡಿಕೆ ಸುತ್ತುವ ರಾಟೆಯ ಮುಂದೆ ಕೂರಿಸಿದ. ಸುತ್ತಿದೆ, ಬಿಚ್ಚಿದ. ಸುತ್ತಿದೆ, ಬಿಚ್ಚಿದ. ಬಂದವರು ಇದೂ ಒಂದು ಪ್ರಾಚೀನ ಕಲೆಯೆಂದು ಫೋಟೊ ತೆಗೆದುಕೊಂಡರು. ಕಡೆಯ ದಿನ ಒಂದನ್ನು ಬಿಚ್ಚದೆ ಅತ್ತಿತ್ತ ತಿರುಗಿಸಿ ನೋಡಿ, "ಊಂ," ಎಂದ. ನನಗೆ ಪದವಿ ಪ್ರದಾನವಾದಂತಾಯಿತು. ಆ ಕಂಡಿಕೆಯನ್ನು ಜೇಬಿನಲ್ಲಿಟ್ಟುಕೊಂಡು, ಚೌಡಿಗೆ ತೋರಿಸಲೆಂದು ಚಳ್ಳಕೆರೆಗೆ ಬಂದೆ.

ಬಾಗಿಲಲ್ಲೇ ಅವಳು ನಿಂತಿದ್ದಳು. "ಕೈ ಎತ್ತು ಬಾವ."

ಎತ್ತಿದೆ. ಅಂಗಿ ಮೂಸಿದಳು, ಜೇಬು ತಡವಿದಳು. ಕಂಡಿಕೆ ಸಿಕ್ಕಿತು.

"ನಾನೇ ಸುತ್ತಿದ್ದು ಕಣೆ," ಎಂದೆ, ಎದೆಯುಬ್ಬಿಸಿ. "ನಿನಗೇ ತಂದೆ."

ಅವಳು ಒಮ್ಮೆ ಅದನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ಹೊಸ್ತಿಲ ಮೇಲೆ ಕೂತು, ಎಳೆ ಹಿಡಿದು, ಕೊನೆಯವರೆಗೂ ಬಿಚ್ಚಿದಳು. ಒಳಗೆ ಬರೀ ಕಡ್ಡಿ.

"ಚೆನ್ನಾಗಿ ಸುತ್ತಿದ್ದೆ," ಎಂದು ನಕ್ಕು, ನೂಲಿನ ರಾಶಿಯನ್ನು ನನ್ನ ಮಡಿಲಿಗೆ ಹಾಕಿದಳು. "ನಾಳೆ ಭಾನುವಾರ. ಮೊದಲ್ನೇ ಬಸ್ಸಿಗೇ ಮೊಳಕಾಲ್ಮೂರಿಗೆ ಹೋಗೋಣ. ಅಪ್ಪ ಕಾಯ್ತಿರ್ತಾನೆ."