ಪಾರದರ್ಶಕತೆಯ ಬೋರ್ಡು

ನೀವೇನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ನಾನು ‘ಕಂಪ್ಯೂಟರ್ ಕೆಲಸ’ ಎಂದು ಹೇಳಿ ಬಸ್ಸಿನ ಕಿಟಕಿಯ ಕಡೆ ತಿರುಗಿಬಿಡುತ್ತೇನೆ. ಸುಳ್ಳಲ್ಲ, ಆದರೆ ಪೂರ್ತಿ ಹೇಳಿದರೆ ಮಾತು ಬೆಳೆಯುತ್ತದೆ, ಮಾತು ಬೆಳೆಯುವುದು ನನಗೆ ಸೇರುವುದಿಲ್ಲ. ತಾಂಡೂರಿನಲ್ಲಿರುವ ನನ್ನ ಅಮ್ಮನಿಗೆ ಈ ಸಂಕೋಚವಿಲ್ಲ. “ನಮ್ಮಾಕಿ ಖೇಡದಾಗ ದಿಲ್ಲಿ ರೊಕ್ಕ ಹಂಚತಾಳ್ರಿ” ಎಂದು ಆಕೆ ತರಕಾರಿಯವಳಿಗೂ ಹೇಳಿಬಿಟ್ಟಿದ್ದಾಳೆ. ಇದನ್ನು ಕೇಳಿದ ದೂರದ ಮಾವ ಒಬ್ಬರು ಮನೆಗೆ ಬಂದು, ಚಹಾ ಕುಡಿದು, ಬಸಿಯನ್ನು ಕೆಳಗಿಟ್ಟು, “ನಮ್ಮ ಓಣಿ ಕಡೀಗೂ ಒಂಚೂರು ಹಂಚವಾ” ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ನಿಜ ಸಂಗತಿ ಇಷ್ಟು. ಖೇಡ ಎಂದರೆ ನಾರಾಯಣಖೇಡ, ಗಡಿಯಾಚೆಯ ತೆಲುಗು ಸೀಮೆ. ಅಲ್ಲಿನ ಶಿಕ್ಷಣ ಕಚೇರಿಯೊಂದರಲ್ಲಿ ನಾನು ಗುತ್ತಿಗೆ ನೌಕರಳು. ಬಡ ಮಕ್ಕಳು ಓದುವ ಸರ್ಕಾರಿ ಶಾಲೆಗಳಿಗೆ ಕೇಂದ್ರದಿಂದ ಪ್ರತಿ ವರ್ಷ ಅನುದಾನ ಬರುತ್ತದೆ. ಯಾವ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ನಾನು ಕಂಪ್ಯೂಟರಿಗೆ ಹೇಳುತ್ತೇನೆ, ಯಾವ ಶಾಲೆಗೆ ಎಷ್ಟು ಹಣ ಎಂದು ಕಂಪ್ಯೂಟರ್ ನನಗೆ ಹೇಳುತ್ತದೆ. ಹಂಚುವುದು ಅದು, ಬೈಸಿಕೊಳ್ಳುವುದು ನಾನು. ನನ್ನ ಸಂಬಳವೂ ಅದೇ ಅನುದಾನದ್ದು. ಬಡ ಮಕ್ಕಳು ಎಷ್ಟು ಎಂದು ಎಣಿಸುವವಳಿಗೆ ಮೊದಲು ಕೊಟ್ಟು, ಉಳಿದದ್ದನ್ನು ಮಕ್ಕಳಿಗೆ ಕೊಡುವ ಈ ವ್ಯವಸ್ಥೆಯ ಬಗ್ಗೆ ನಾನು ತಿಂಗಳ ಮೊದಲ ವಾರದಲ್ಲಿ ಯೋಚಿಸುವುದಿಲ್ಲ.

ಮನೂರಿನ ಆಚೆ ಒಂದು ಊರಲ್ಲಿ ಕನ್ನಡ ಮಾಧ್ಯಮದ ಶಾಲೆಯಿದೆ, ಏಳನೆಯ ತರಗತಿಯವರೆಗೆ. ಊರಿನ ಅರ್ಧ ಮನೆಗಳು ಕುರಿ ಸಾಕುವವರವು, ಉಳಿದವು ತೊಗರಿ, ಜೋಳ ಬೆಳೆಯುವವರವು. ಶಾಲೆಯಲ್ಲಿ ಹುಡುಗಿಯರಿಗೆಂದು ಶೌಚಾಲಯವಿದೆ. ನೆಲಕ್ಕೆ ನಮ್ಮ ತಾಂಡೂರಿನದೇ ನೀಲಿ ಕಲ್ಲು ಹಾಸಿದ್ದಾರೆ, ಬಹಳ ಚೆನ್ನಾಗಿದೆ. ಬಾಗಿಲು ಮಾತ್ರ ಇಲ್ಲ. ಕಟ್ಟಿದ ದಿನದಿಂದಲೂ ಇಲ್ಲ. ನನ್ನ ಕಂಪ್ಯೂಟರ್ ‘ಶೌಚಾಲಯ ಇದೆಯೇ?’ ಎಂದು ಕೇಳುತ್ತದೆ, ‘ಇದೆ’ ಎನ್ನುತ್ತೇನೆ. ‘ಬಳಸಲು ಯೋಗ್ಯವೇ?’ ಎನ್ನುತ್ತದೆ. ಕಲ್ಲು ನೋಡಿದರೆ ಯೋಗ್ಯವೇ. ಬಾಗಿಲಿನ ವಿಷಯ ಅದು ಕೇಳುವುದಿಲ್ಲ, ಕೇಳದ್ದನ್ನು ಹೇಳಲು ಅದರಲ್ಲಿ ಜಾಗವಿಲ್ಲ. ಹಾಗಾಗಿ ದೊಡ್ಡ ಹುಡುಗಿಯರು ಮಧ್ಯಾಹ್ನ ಊಟವಾದ ಮೇಲೆ ಮನೆಗೆ ಹೋಗುತ್ತಾರೆ. ಕೆಲವರು ತಿರುಗಿ ಬರುತ್ತಾರೆ. ಕೆಲವರು ಮರುದಿನ ಬರುತ್ತಾರೆ. ಕೆಲವರು ಬರುವುದೇ ಇಲ್ಲ.

ಹೆಡ್‌ಮಾಸ್ತರು ಶರಣಪ್ಪನವರು ಎರಡು ವರ್ಷದಿಂದ ಬಾಗಿಲು ಕೇಳುತ್ತಿದ್ದರು. ಕಂಪ್ಯೂಟರಿನ ಲೆಕ್ಕ ಹೇಗೆಂದರೆ, ಮೂವತ್ತು ಮಕ್ಕಳವರೆಗೆ ಚಿಕ್ಕ ಮೊತ್ತ, ಮೂವತ್ತೊಂದನೆಯ ಮಗು ಬಂದ ಕೂಡಲೇ ದೊಡ್ಡ ಮೊತ್ತ. ಚಿಕ್ಕದು ಸುಣ್ಣ, ಸೀಮೆಸುಣ್ಣ, ಕರೆಂಟ್ ಬಿಲ್ಲಿಗೆ ಸಾಕಾಗಿ ಮುಗಿದುಹೋಗುತ್ತದೆ. ಅವರ ಶಾಲೆಯಲ್ಲಿ ಸರಿಯಾಗಿ ಮೂವತ್ತು. ಬಾಗಿಲಿಲ್ಲ ಎಂದು ಹುಡುಗಿಯರು ಬಿಡುತ್ತಾರೆ, ಹುಡುಗಿಯರು ಬಿಟ್ಟರೆಂದು ಹಣ ಕಡಿಮೆ, ಹಣ ಕಡಿಮೆ ಎಂದು ಬಾಗಿಲಿಲ್ಲ. ಇದನ್ನು ನಾನು ಕಚೇರಿಯ ಸಾಹೇಬರಿಗೆ ಒಮ್ಮೆ ವಿವರಿಸಿದೆ. ಅವರು ಗಮನವಿಟ್ಟು ಕೇಳಿ, ನಿಮ್ಮ ವಿಶ್ಲೇಷಣೆ ಬಹಳ ಸ್ಪಷ್ಟವಾಗಿದೆ ಎಂದು ತೆಲುಗಿನಲ್ಲಿ ಹೊಗಳಿದರು.

“ಒಂದ್ ಕೂಸು ಕಮ್ಮಿ ಬಿದ್ದದ್ರಿ ಮೇಡಂ,” ಎಂದು ಶರಣಪ್ಪನವರು ನನ್ನನ್ನು ಬೀರಮ್ಮನ ಮನೆಗೆ ಕರೆದೊಯ್ದರು. ಬೀರಮ್ಮನದು ಕುರಿಯ ಮನೆತನ. ಗಂಡ ವರ್ಷದ ಬಹುಭಾಗ ಮಂದೆಯೊಡನೆ ನ್ಯಾಲ್ಕಲ್ ಕಡೆ ಇರುತ್ತಾನೆ. ದೊಡ್ಡ ಮಗಳು ಲಕ್ಷ್ಮಿ ಆರನೆಯ ತರಗತಿ. ಚಿಕ್ಕವಳನ್ನು ಇನ್ನೂ ಶಾಲೆಗೆ ಹಾಕಿರಲಿಲ್ಲ. ನಾನು ಪೆನ್ನು ತೆಗೆದು, “ನಿಮಗೆ ಮಕ್ಕಳು ಎಷ್ಟು?” ಎಂದೆ.

“ಹಂಗ ಎಣಸಬಾರದ್ರಿ,” ಎಂದಳು ಬೀರಮ್ಮ. “ಕುರಿನೂ ಎಣಸಂಗಿಲ್ಲ ನಾವು. ಸಂಜಿಗಿ ದೊಡ್ಡಿ ತುಂಬಿದ್ರ ಆತು.”

“ದಿಲ್ಲಿಯವರಿಗಿ ನಿನ್ನ ದೊಡ್ಡಿ ಕಾಣಲ್ಲ ಬೀರಮ್ಮ, ಗಿಣತಿ ಬೇಕು,” ಎಂದರು ಶರಣಪ್ಪನವರು.

“ಕಾಣಲ್ಲಂದ್ರ ಬಂದ್ ನೋಡ್ಲಿ. ರೊಟ್ಟಿ ಹಾಕ್ತೀನಿ, ಉಂಡು ಹೋಗ್ಲಿ.”

ನಾನು ಪೆನ್ನನ್ನು ಮುಚ್ಚಿದೆ. ಆಮೇಲೆ ಆಕೆಯೇ ನನ್ನ ಮುಖ ನೋಡುತ್ತ ಮೆಲ್ಲಗೆ ಹೇಳಿದಳು: “ಲಕ್ಷ್ಮಿ ದೊಡ್ಡಾಕಿ ಆಗ್ಯಾಳ್ರಿ. ನೀವೂ ಹೆಣ್ಮಗಳು, ನಿಮಗ ತಿಳೀತದ. ಬಾಗಿಲಾ ಹಚ್ಚಸ್ತೀರಂದ್ರ ಸಣ್ಣಾಕಿನ್ನೂ ಕಳಸ್ತೀನಿ. ಇಲ್ಲಂದ್ರ ಲಕ್ಷ್ಮಿನೂ ಅವರಪ್ಪನ ಸಂಗಟ ಕುರಿ ಹಿಂದ ಹೋಗ್ತಾಳ. ಅಲ್ಲಿ ಗಿಡದ ಮರೆ ಆದ್ರೂ ಇರ್ತದ.”

ನಾನು ತಲೆಯಾಡಿಸಿದೆ. ಹಚ್ಚಿಸುತ್ತೇವೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ತಲೆಯಾಡಿಸಿದ್ದಕ್ಕೆ ದಾಖಲೆ ಇರುವುದಿಲ್ಲ ಎನ್ನುವುದನ್ನು ಕಚೇರಿಯಲ್ಲಿ ಕಲಿತಿದ್ದೇನೆ. ಚಿಕ್ಕವಳು ಮರುದಿನವೇ ಶಾಲೆಗೆ ಬಂದು ಮೂವತ್ತೊಂದನೆಯವಳಾದಳು. ಆ ದಿನ ಸ್ಲೇಟಿಗಾಗಿ ಯಾರನ್ನೋ ಕಚ್ಚಿದಳಂತೆ. ಶರಣಪ್ಪನವರು ಆ ಸುದ್ದಿಯನ್ನು ಫೋನಿನಲ್ಲಿ ಹಬ್ಬದ ಸುದ್ದಿಯಂತೆ ಹೇಳಿದರು.

ದೊಡ್ಡ ಮೊತ್ತ ಮಂಜೂರಾಯಿತು. ಬಂದದ್ದು ಮಾರ್ಚ್ ಕೊನೆಗೆ, ತಿಂಗಳು ಮುಗಿಯುವುದರೊಳಗೆ ಖರ್ಚಾಗದಿದ್ದರೆ ವಾಪಸ್ ಎಂಬ ಸೂಚನೆಯ ಜೊತೆಗೆ. ನಾನು ಖುದ್ದಾಗಿ ಬಾಗಿಲಿನ ಕಾಗದ ಬರೆದು ಸಾಹೇಬರ ಮುಂದಿಟ್ಟೆ. ಅವರು ಓದಿ, ನಿಧಾನವಾಗಿ ನನಗೆ ಪಾಠ ಹೇಳಿದರು. ಈ ಹಣ ದುರಸ್ತಿಗೆ. ಇದ್ದ ಬಾಗಿಲು ಮುರಿದಿದ್ದರೆ ಅದು ದುರಸ್ತಿ. ಇಲ್ಲದ ಬಾಗಿಲನ್ನು ಹಾಕುವುದು ಹೊಸ ನಿರ್ಮಾಣ. ಹೊಸ ನಿರ್ಮಾಣದ ಹಣ ಬೇರೆ, ಅದರ ಎಂಜಿನಿಯರ್ ಬೇರೆ, ಆ ಎಂಜಿನಿಯರ್ ಇರುವ ಊರೂ ಬೇರೆ.

ಇದನ್ನು ಫೋನಿನಲ್ಲಿ ಹೇಳಿದಾಗ ಶರಣಪ್ಪನವರು, “ಹಂಗಾದ್ರ ಮೊದಲ ಎಲ್ಲಿಂದರ ಒಂದು ಮುರದ ಬಾಗಿಲಾ ತಂದು ಹಚ್ಚಲೇನ್ರಿ ಮೇಡಂ?” ಎಂದರು. ಅವರು ತಮಾಷೆಗೆ ಹೇಳಿದರೋ ನಿಜಕ್ಕೂ ಕೇಳಿದರೋ ನನಗೆ ಈಗಲೂ ಗೊತ್ತಿಲ್ಲ. ನಿಯಮದ ಪ್ರಕಾರ ನೋಡಿದರೆ ಅದು ಸರಿಯಾದ ಪ್ರಶ್ನೆಯೇ ಆಗಿತ್ತು.

ಆದರೆ ಒಂದು ಖರ್ಚಿಗೆ ಯಾವ ಅಡ್ಡಿಯೂ ಇರಲಿಲ್ಲ, ಅದು ಕಡ್ಡಾಯ. ದೊಡ್ಡ ಮೊತ್ತ ಪಡೆದ ಪ್ರತಿ ಶಾಲೆಯೂ, ಈ ಹಣ ಎಲ್ಲಿಂದ ಬಂತು, ಏಕೆ ಬಂತು ಎಂದು ಊರಿಗೆಲ್ಲ ತಿಳಿಯುವಂತೆ ಒಂದು ತಗಡಿನ ಬೋರ್ಡು ಬರೆಸಿ ಹಾಕಬೇಕು. ಅದಕ್ಕೆ ಪಾರದರ್ಶಕತೆಯ ಬೋರ್ಡು ಎಂದು ಹೆಸರು. ಮಾದರಿ ತೆಲುಗಿನಲ್ಲಿತ್ತು, ಎಂಟು ಸಾಲು. ಕಚೇರಿಯಲ್ಲಿ ಕನ್ನಡ ಓದಿದವಳು ನಾನೊಬ್ಬಳೇ. ಕಲಬುರಗಿಯಲ್ಲಿ ಎಂ.ಎ. ಮಾಡಿ ಬಂದ ಮೇಲೆ ಯಾರೂ ನನ್ನ ಕನ್ನಡವನ್ನು ಕೇಳಿದ್ದಿಲ್ಲ, ಹಾಗಾಗಿ ಸ್ವಲ್ಪ ಹುರುಪಿನಿಂದಲೇ ಕುಳಿತೆ. ಆ ಎಂಟು ಸಾಲನ್ನು ಹಾಗೇ ಕನ್ನಡಕ್ಕೆ ಇಳಿಸಿದಾಗ ‘ಸದರಿ’, ‘ಸಂಬಂಧಪಟ್ಟ’, ‘ಅನ್ವಯ’ ಎಂಬ ಮಾತುಗಳು ಒಂದರ ಕಾಲನ್ನೊಂದು ತುಳಿಯುತ್ತಿದ್ದವು. ಎಲ್ಲವನ್ನೂ ಕಿತ್ತು ಹಾಕಿದೆ. ನಾಲ್ಕು ಸಾಲು ಉಳಿಯಿತು. ಅದನ್ನು ಮೂರು ಸಲ ಓದಿಕೊಂಡು, ಯಾರಿಗೂ ಹೇಳದೆ, ಸಂತೋಷಪಟ್ಟೆ.

ಜಹೀರಾಬಾದಿನ ಪೇಂಟರ್ ಖಾಜಾಮಿಯಾ ವಯಸ್ಸಾದವರು. ಕನ್ನಡ ಅಕ್ಷರವನ್ನು ಓದಲಾರರು, ಹೂಬಳ್ಳಿ ಬಿಡಿಸುವಂತೆ ನೋಡಿ ಬಿಡಿಸುತ್ತಾರೆ. ತಲೆಕಟ್ಟುಗಳೆಲ್ಲ ತೆಲುಗಿನ ಹಾಗೆ ಮೇಲಕ್ಕೆ ಚಿಮ್ಮಿದ್ದವು. ಒಂದೊಂದನ್ನೂ ನಿಂತು ತಿದ್ದಿಸಿದೆ. “ಇಷ್ಟು ಬಾರೀಕಾಗಿ ಯಾರ್ ನೋಡ್ತಾರ ಬೇಟಿ?” ಎಂದರು. “ನಾನು ನೋಡುತ್ತೇನೆ” ಎಂದೆ. ಅವರು ನಕ್ಕು, ಬರಹದ ಕೆಳಗೆ ಉಳಿದಿದ್ದ ಖಾಲಿ ತಗಡನ್ನು ಕತ್ತರಿಸಿ ಪಕ್ಕಕ್ಕಿಟ್ಟರು. “ಬರವಣಿಗಿ ಎಷ್ಟೋ ತಗಡು ಅಷ್ಟು. ಖಾಲಿ ತಗಡಿಗಿ ನಿಮ್ಮ ಆಫೀಸ್‌ನ್ಯಾರು ಪೈಸಾ ಕೊಡಲ್ಲ.” ನಿಜ, ಬರಹಕ್ಕೆ ತಕ್ಕಷ್ಟೇ ಅಳತೆ ಎಂದು ಸೂಚನೆಯಲ್ಲೇ ಇತ್ತು.

ಬೋರ್ಡು ಆಟೋದಲ್ಲಿ ಊರಿಗೆ ಹೋಯಿತು. ಕೆಲವು ದಿನಗಳ ನಂತರ, ಅದು ಶಾಲೆಯ ಆವರಣದಲ್ಲಿದೆ ಎಂದು ಫೋಟೋ ತೆಗೆದು ಕಳಿಸಲು ನಾನೂ ಹೋದೆ. ಮುಂದಿನ ಗೋಡೆಯ ಮೇಲೆ ಬೋರ್ಡು ಇರಲಿಲ್ಲ. ಹಿಂದಿನ ಗೋಡೆಯ ಮೇಲೂ ಇರಲಿಲ್ಲ. ಶರಣಪ್ಪನವರು ನನ್ನನ್ನು ನೋಡದೆ ಬೇವಿನ ಮರವನ್ನು ನೋಡುತ್ತ, “ಅದ ರಿ ಮೇಡಂ, ಎಲ್ಲೂ ಹೋಗಿಲ್ಲ,” ಎಂದರು. ಶೌಚಾಲಯದ ಹತ್ತಿರ ಹೋದಾಗ ಕಂಡಿತು. ತಂತಿಯಿಂದ ಒಂದು ಬದಿ ಬಿಗಿದು, ನನ್ನ ನಾಲ್ಕು ಸಾಲನ್ನು ಬಾಗಿಲು ಮಾಡಿ ನಿಲ್ಲಿಸಿದ್ದರು. ಆ ಶಾಲೆಯಲ್ಲಿ ಆಚೆಗಿನದು ಕಾಣದಂತೆ ಮಾಡಿದ್ದು ಪಾರದರ್ಶಕತೆಯ ಬೋರ್ಡು ಒಂದೇ.

“ತಪ್ಪಾಯ್ತಂದ್ರ ತೆಗೀತೀನ್ರಿ,” ಎಂದರು ಶರಣಪ್ಪನವರು. ನಾನು ಫೋನು ತೆಗೆದೆ. ಬೋರ್ಡು ಆವರಣದಲ್ಲಿರಬೇಕು, ಅಕ್ಷರ ಓದಲು ಬರಬೇಕು. ಫೋಟೋದ ಬಗ್ಗೆ ಸೂಚನೆಯಲ್ಲಿ ಇದ್ದದ್ದು ಇಷ್ಟೇ. ಫೋಟೋ ತೆಗೆಯುವ ಹೊತ್ತಿಗೆ ಒಳಗಿನಿಂದ, “ಯಾರದು? ಒಳಗ ಅದೀನ್ರಿ!” ಎಂಬ ಕೂಗು ಬಂತು. ನಾನು ಹಿಂದೆ ಸರಿದು, ಆಕೆ ಹೊರಗೆ ಬರಲಿ ಎಂದು ಕಾದು, ಬರೀ ಬೋರ್ಡಿನ ಫೋಟೋ ತೆಗೆದು ಅಲ್ಲಿಂದಲೇ ಕಳಿಸಿದೆ. ಸ್ವಲ್ಪ ಹೊತ್ತಿಗೆ ‘ಸ್ವೀಕರಿಸಲಾಗಿದೆ’ ಎಂದು ಬಂತು.

ಹೊರಗೆ ಬಂದವಳು ಲಕ್ಷ್ಮಿ. ಲಂಗಕ್ಕೆ ಕೈ ಒರೆಸಿಕೊಳ್ಳುತ್ತ, “ಮೇಡಂ, ಇದರ ಮ್ಯಾಲಿಂದು ನೀವೇ ಬರದದ್ದಂತ, ಹೌದೇನ್ರಿ?” ಎಂದಳು.

ಹೌದು ಎಂದೆ. ನನ್ನ ಬರಹದ ಬಗ್ಗೆ ಒಬ್ಬರು ಕೇಳಿದ್ದು ಅದೇ ಮೊದಲು. ದನಿಯಲ್ಲಿ ಹೆಮ್ಮೆ ಕಾಣದಂತೆ ನೋಡಿಕೊಂಡೆ.

“ಇನ್ನ ನಾಕ್ ಸಾಲ ಬರೀಬೇಕಿತ್ತಲ್ರಿ. ಗಿಡ್ಡ ಆಗ್ಯದ. ಕುಂತ್ರ ಕೆಳಗ ಎಲ್ಲಾ ಕಾಣತದ.” ಆಕೆ ದೂರಲಿಲ್ಲ, ತಗಡಿನ ಕೆಳಗಿನ ಅಂತರವನ್ನು ಗೇಣಿನಿಂದ ಅಳೆದು ತೋರಿಸಿದಳು. “ನಮ್ಮವ್ವ ನಿನ್ನಿ ಬಂದು ನೋಡಿ ಹೋದಳ್ರಿ. ಇದು ಬಾಗಿಲಾ ಅಲ್ಲ ಅಂದಳು. ಸೋಮಾರದಿಂದ ಅಪ್ಪನ ಸಂಗಟ ಹೋಗ್ತೀನ್ರಿ. ಸಣ್ಣಾಕಿ ಇರ್ತಾಳ, ಆಕಿಗಿ ಇನ್ನ ನಡೀತದ.”

ಖೇಡಕ್ಕೆ ಹೋಗುವ ಆಟೋದಲ್ಲಿ ಜಾಗ ಸಿಕ್ಕಿತು. ಪಕ್ಕದ ಹೆಂಗಸು, ನೀವೇನು ಕೆಲಸ ಮಾಡುತ್ತೀರಿ ಎಂದು ಕೇಳಲಿಲ್ಲ, ಅದೊಂದು ಪುಣ್ಯ. ನಾನು ಕಿತ್ತು ಹಾಕಿದ್ದ ಆ ನಾಲ್ಕು ಸಾಲುಗಳನ್ನು ಒಂದೊಂದಾಗಿ ನೆನಪಿಸಿಕೊಂಡೆ. ಸದರಿ ಅನುದಾನವು, ಸಂಬಂಧಪಟ್ಟ ನಿಯಮಗಳ ಅನ್ವಯ, ಮೇಲ್ಕಂಡ ಉದ್ದೇಶಕ್ಕಾಗಿ ಮಾತ್ರವೇ. ಎಷ್ಟು ತಿರುಗಿಸಿ ಓದಿಕೊಂಡರೂ ಈ ಸಲ ತೆಗೆದುಹಾಕುವಂಥ ಮಾತು ಒಂದೂ ಸಿಗಲಿಲ್ಲ.