ಮೀಸೆ ಎಣಿಸುತ್ತಿದ್ದ ಮಾವ

ಬರೆಯುವ ಮುನ್ನವೇ ಕ್ಷಮೆ ಕೇಳಿಬಿಡುತ್ತೇನೆ. ನಮ್ಮ ವಂಶದಲ್ಲಿ ಪದವಿಯ ಮುಖ ಕಂಡ ಮೊದಲಿಗ ನಾನು. ಆದ್ದರಿಂದ ಈ ನಿರೂಪಣೆಯಲ್ಲಿ ಲೋಪದೋಷಗಳು ಕಂಡುಬಂದರೆ ಅವು ನನ್ನವೇ ಹೊರತು ವಿಶ್ವವಿದ್ಯಾಲಯದವಲ್ಲ. ಆದರೆ ಒಂದು ಸಂಗತಿಯನ್ನು ಪ್ರಮಾಣ ಮಾಡಿ ಹೇಳಬಲ್ಲೆ: ನನ್ನ ಸೋದರಮಾವನವರು ಹೆಂಡತಿಯ ತವರಿನವರ ಮುಖಗಳನ್ನು ಮರೆಯುತ್ತಿದ್ದರು, ಮೀನಿನ ಮೀಸೆಯನ್ನು ಎಂದಿಗೂ ಮರೆತವರಲ್ಲ!

ಎಂಬತ್ತರ ದಶಕದ ಆರಂಭದ ಮಾತು. ಮಾವನವರು ಯಶವಂತಪುರದ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿದ್ದರು. ಹಗಲೆಲ್ಲ ನಟ್ಟು ಬೋಲ್ಟುಗಳಲ್ಲಿ ತಪ್ಪು ಹುಡುಕಿ ದಣಿದವರು ಸಂಜೆ ವಿಶ್ರಾಂತಿ ಪಡೆಯಬೇಡವೇ? ಪಡೆಯುತ್ತಿದ್ದರು, ಮೀನುಗಳಲ್ಲಿ ತಪ್ಪು ಹುಡುಕಿ! ಆರ್.ಟಿ. ನಗರದ ಅವರ ನಡುಮನೆಯಲ್ಲಿ ಏಳು ಗಾಜಿನ ತೊಟ್ಟಿಗಳು. ಏಳರಲ್ಲೂ ಮೀಸೆ ಮೀನು, ಅಂದರೆ ಕ್ಯಾಟ್‌ಫಿಷ್. ಒಂದೊಂದು ತೊಟ್ಟಿಗೂ ಕುಲಗೋತ್ರ ಬರೆದು ಅಂಟಿಸಿದ ಚೀಟಿ. ಬಂದವರು ಕೂರುವುದೆಲ್ಲಿ ಎಂದು ನೀವು ಕೇಳಬೇಡಿ. ಅತ್ತೆ ಕೇಳಿ ಕೇಳಿ ಸಾಕಾಗಿದ್ದರು.

ನಮ್ಮ ತಂದೆ ತೀರಿಕೊಂಡಿದ್ದರಿಂದ ಅಕ್ಕನ ಮದುವೆಯ ತೀರ್ಮಾನ ಈ ಮಹನೀಯರ ಕೈಯಲ್ಲಿತ್ತು. ಅಮ್ಮನ ಭಯವೂ ಅದೇ. ಅಷ್ಟರಲ್ಲಾಗಲೇ ಮೂವರು ವರರನ್ನು ಅವರು ಹಿಂದಕ್ಕೆ ಕಳಿಸಿದ್ದರು. ‘ಇಂಜಿನಿಯರ್’ ಎಂದು ಬಂದವನು ಸೂಪರ್‌ವೈಸರ್ ಎಂದು ಪತ್ತೆಹಚ್ಚಿದರು. ‘ಇಪ್ಪತ್ತೇಳು ವರ್ಷ’ ಎಂದವನನ್ನು ಕಿಟಕಿಯ ಬೆಳಕಿಗೆ ಕೂರಿಸಿ ಕೂದಲಿನ ಬುಡ ನೋಡಿದರು!

“ಅಣ್ಣಾ, ಹಿಂಗೇ ಆದ್ರೆ ಇವಳಿಗೆ ಗಂಡು ಸಿಕ್ಕೋದ್ಯಾವಾಗ?” ಎಂದು ಅಮ್ಮ ಕಣ್ಣೊರೆಸಿಕೊಂಡರೆ, “ಚೀಟೀಲಿ ಒಂದು, ಒಳಗೆ ಇನ್ನೊಂದು ಇರಬಾರ್ದು ಕಣಮ್ಮಾ” ಎನ್ನುತ್ತಿದ್ದರು.

ಭಾನುವಾರ ಬಂತೆಂದರೆ ಯಶವಂತಪುರದ ಸಾಬರ ಮೀನಿನ ಅಂಗಡಿಗೆ ಗ್ರಹಣ ಹಿಡಿಯುತ್ತಿತ್ತು. ಮದರಾಸಿನಿಂದ ಬಂದ ಮರಿಗಳ ಮುಂದೆ ಮಾವನವರು ಭೂತಗನ್ನಡಿ ಹಿಡಿದು ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದರು. ನನಗೋ ಪಾಠ: “ಮರಿಯಾಗಿದ್ದಾಗ ಎಲ್ಲದಕ್ಕೂ ಚುಕ್ಕೆ ಇರುತ್ತೆ ಕಣೋ, ಅದನ್ನ ನಂಬಬೇಡ. ಕೆಳದವಡೆ ಮೀಸೆ ನೋಡು, ಕವಲು ಒಡೆದಿದೆಯಾ? ಬೆನ್ನಿನ ಮೇಲಿನ ಎರಡನೇ ರೆಕ್ಕೆ ಎಷ್ಟುದ್ದ?” ಆಮೇಲೆ ಸಾಬರತ್ತ ತಿರುಗಿ, “ಸಾಬ್ರೇ, ಇದು ಬೆರಕೆ! ತಾಯಿ ಒಂದು ಜಾತಿ, ತಂದೆ ಇನ್ನೊಂದು!”

“ಅರೇ ಸಾರ್,” ಸಾಬರು ಹಣೆ ಚಚ್ಚಿಕೊಳ್ಳುತ್ತಿದ್ದರು, “ನೀವು ಮೀನ್ ತಗೊಳ್ಳೋಕ್ ಬಂದಿದೀರಾ, ಇಲ್ಲ ಅದಕ್ಕೆ ಮದ್ವೆ ಮಾಡೋಕಾ?”

ಇಂಥ ಮಾವನವರೂ ಒಮ್ಮೆ ಮೋಸಹೋದರು! ತಲೆಕೆಳಗಾಗಿ ಈಜುವ ಜಾತಿಯೆಂದು ಆರು ಮರಿಗಳನ್ನು ತಾವೇ ಪರೀಕ್ಷಿಸಿ, ‘ಶುದ್ಧ’ ಎಂದು ತಾವೇ ಚೀಟಿ ಬರೆದು ತಂದರು. ಈ ಮೀನು ಎಳೆಯದರಲ್ಲಿ ನೆಟ್ಟಗೇ ಈಜುತ್ತದೆಯಂತೆ, ಬೆಳೆಯುತ್ತ ಮಗುಚಿಕೊಳ್ಳುತ್ತದೆಯಂತೆ. ದಿನವೂ ಸಂಜೆ ಮಾವನವರು ತೊಟ್ಟಿಯ ಮುಂದೆ ಕತ್ತು ಓರೆಮಾಡಿ ಕಾದರು. ಬೆರಳುದ್ದಕ್ಕೆ ನಿಲ್ಲಬೇಕಾದ ಮೀನುಗಳು ಹೀರೇಕಾಯಿ ಗಾತ್ರಕ್ಕೆ ಬೆಳೆದವು, ಮಗುಚಿಕೊಳ್ಳಲಿಲ್ಲ. ಮಗುಚಿಕೊಂಡದ್ದು ಮಾವನವರ ಕತ್ತು ಮಾತ್ರ. ಒಂದು ವಾರ ಎಣ್ಣೆ ತಿಕ್ಕಬೇಕಾಯಿತು.

ಸುದ್ದಿ ತಿಳಿದು ಸಾಬರು ಮನೆಗೇ ಬಂದರು. “ತಪ್ಪಾಯ್ತು ಸಾರ್, ವಾಪಸ್ ಕೊಟ್ಬಿಡಿ.”

ಮಾವನವರು ತೊಟ್ಟಿಗೆ ಅಡ್ಡ ನಿಂತರು. “ಮರಿಯಿಂದ ಸಾಕಿದೀನಿ. ನೀವ್ಯಾರ್ರೀ ತಗೊಂಡ್ಹೋಗೋಕೆ?” ಹಳೆಯ ಚೀಟಿ ಕಿತ್ತು ಹೊಸದು ಅಂಟಿಸಿದರು: ‘ಬೆರಕೆ. ಗುರುತಿಸಿದ್ದರಲ್ಲಿ ತಪ್ಪು ನನ್ನದು.’ ಕೆಳಗೆ ಕಾರ್ಖಾನೆಯ ಅಭ್ಯಾಸದಂತೆ ಸಹಿ!

ಮರುವರ್ಷ ಯಲಹಂಕದಿಂದ ನಾಲ್ಕನೆಯ ವರ ಬಂದ. ಮೇಷ್ಟ್ರ ಕೆಲಸ. ಅಕ್ಕನಿಗೆ ಮೆಚ್ಚುಗೆಯಾದದ್ದು ಅವನ ಕಾಫಿಗೆ ಎರಡೆರಡು ಸಲ ಸಕ್ಕರೆ ಹಾಕಿದ್ದರಲ್ಲೇ ತಿಳಿಯುತ್ತಿತ್ತು. ಉಪ್ಪಿಟ್ಟು ಮುಗಿಯುವ ಮೊದಲೇ ಹುಡುಗನ ತಂದೆ ತಟ್ಟೆ ಕೆಳಗಿಟ್ಟರು. “ಆಮೇಲೆ ಗೊತ್ತಾಗಿ ಬೇಜಾರಾಗೋದು ಬೇಡ, ಮೊದಲೇ ಹೇಳ್ಬಿಡ್ತೀನಿ. ನನ್ನ ಹೆಂಡತಿ ನಮ್ಮ ಜಾತಿಯವಳಲ್ಲ. ನಾವು ಇಷ್ಟಪಟ್ಟು ಮದುವೆಯಾದವರು.” ಪಕ್ಕದಲ್ಲಿದ್ದ ಆಕೆ ತಲೆ ತಗ್ಗಿಸಿದರು.

ಅಬ್ಬಿಗೆರೆಯಿಂದ ಬಂದಿದ್ದ ಚಿಕ್ಕಪ್ಪ ಟವೆಲ್ ಕೊಡವಿ ಎದ್ದರು. “ಬೆರಕೆ ಸಂಬಂಧವಾ? ಇಂಗಾದ್ರೆ ಊರಾಗೆ ತಲೆ ಎತ್ತೋದೆಂಗೆ? ಭಾವಾ, ಕಳಿಸ್ರೀ ಇವರನ್ನ! ಬೆರಕೆ ಹಿಡಿಯೋದ್ರಾಗೆ ನಿಮ್ಮನ್ನ ಬಿಟ್ರುಂಟೇ?”

ಅಮ್ಮ ಸೆರಗು ಬಾಯಿಗಿಟ್ಟುಕೊಂಡರು. ಅಕ್ಕ ಗೋಡೆಗೆ ಒರಗಿದಳು. ಮಾವನವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

“ಇಷ್ಟು ವರ್ಷ ಬೆರಕೆ ಹಿಡಿದೆ, ನಿಜ. ಆದ್ರೆ ಯಾವ ಮೀನೂ ನನಗೆ ಸುಳ್ಳು ಹೇಳಿಲ್ಲಪ್ಪ. ಸುಳ್ಳು ಹೇಳಿದ್ದೆಲ್ಲ ಚೀಟಿ ಬರೆದವರು. ಇವರು ಇದ್ದದ್ದನ್ನ ಇದ್ದ ಹಾಗೆ ಹೇಳಿದಾರೆ. ನಾನು ಇನ್ನೇನು ಹುಡುಕಲಿ?” ಎಂದವರು ಹುಡುಗನ ತಾಯಿಯ ಮುಂದೆ ಹೋಗಿ ನಿಂತು ಕೈಮುಗಿದರು. “ತಂದೆಯಿಲ್ಲದ ಮಗು ಅಮ್ಮಾ. ನಿಮ್ಮ ಮನೆಗೆ ಸೇರಿಸಿಕೊಳ್ಳಿ.”

ಮದುವೆ ನಡೆಯಿತು. ಅಬ್ಬಿಗೆರೆಯವರು ಬರಲಿಲ್ಲ, ಮುಂದೆ ಅವರ ಯಾವ ಶುಭಕಾರ್ಯಕ್ಕೂ ನಮ್ಮನ್ನು ಕರೆಯಲಿಲ್ಲ. ನಮ್ಮ ಹಬ್ಬಗಳೆಲ್ಲ ಯಲಹಂಕದ ಅಕ್ಕನ ಮನೆಗೆ ಬದಲಾದವು. ಅಕ್ಕನ ಅತ್ತೆ ಅಮ್ಮನಿಗೆ ಒಡಹುಟ್ಟಿದವರಿಗಿಂತ ಹೆಚ್ಚಾದರು. ನನಗೆ ಹೆಣ್ಣು ನೋಡುವ ಕಾಲ ಬಂದಾಗ ನಮ್ಮ ಮನೆಯಲ್ಲಿ ಯಾರೂ ಜಾತಿ ಕೇಳಲಿಲ್ಲ.